ಸರಮೆಯ ಮರಿ, ಜೀವಂಧರನ ನಾಯಿ

ಅಮೆರಿಕದ ಡೇವಿಡ್ ರೋಸೆನ್‌ಫೆಲ್ಟ್ ಬರೆಯುವ ಪತ್ತೇದಾರಿ ಕಾದಂಬರಿಗಳ ಸರಣಿಯೊಂದು 2002ರಲ್ಲಿ ಶುರುವಾಯಿತು. ಅದರ ನಾಯಕ ಆ್ಯಂಡಿ ಕಾರ್ಪೆಂಟರ್, ನ್ಯೂಜೆರ್ಸಿಯ ಪ್ಯಾಟರ್ಸನ್ ಊರಿನ ಕ್ರಿಮಿನಲ್ ವಕೀಲ. ಆರೋಪಿಗಳ ಪರ ವಾದಿಸುವುದು ಅವನ ಕಸುಬು, ನಾಯಿಗಳೆಂದರೆ ಪ್ರಾಣ. 2007ರ ‘ಪ್ಲೇ ಡೆಡ್’ ಕಾದಂಬರಿಯಲ್ಲಿ, ಕೊಲ್ಲಬೇಕೆಂದು ತೀರ್ಮಾನವಾಗಿದ್ದ ನಾಯಿಯೊಂದರ ಪರ ಅವನು ಕೋರ್ಟಿನ ಮೆಟ್ಟಿಲು ಹತ್ತುತ್ತಾನೆ. ಆ ನಾಯಿ ಇನ್ನೂ ಬದುಕಿದೆ ಎಂಬ ಸಂಗತಿಯೇ ಜೈಲಿನಲ್ಲಿರುವ ಒಬ್ಬ ಮನುಷ್ಯನ ಮೇಲಿನ ಕೊಲೆ ಆರೋಪವನ್ನು ಬುಡಮೇಲು ಮಾಡುತ್ತದೆ. ಓದಲು ಹಗುರ, ನಗು ಧಾರಾಳ, ಕೊನೆಗೆ ಸತ್ಯಕ್ಕೆ ಜಯ. ಆದರೆ ಇಡೀ ಸರಣಿ ಒಂದು ಪ್ರಶ್ನೆಯನ್ನು ಜಾಣತನದಿಂದ ದಾಟಿಹೋಗುತ್ತದೆ. ಆ್ಯಂಡಿಗೆ ತಂದೆಯಿಂದ ಬಂದ ದೊಡ್ಡ ಆಸ್ತಿಯಿದೆ. ಹೊಟ್ಟೆಪಾಡಿಗೆ ಕೇಸು ಹಿಡಿಯುವ ದರ್ದು ಅವನಿಗಿಲ್ಲ. ಯಾರು ನಿರಪರಾಧಿ ಎಂದು ಅವನ ಮನಸ್ಸಿಗೆ ನಾಟುತ್ತದೋ ಅವರ ವಕಾಲತ್ತು ಮಾತ್ರ ಹಾಕುತ್ತಾನೆ. ಮೈಮೇಲೆ ರಕ್ತದ ಕಲೆ ನಿಜವಾಗಿಯೇ ಇರುವ ಕಕ್ಷಿದಾರ ಬಂದರೆ ಅವನ ಪಕ್ಕದಲ್ಲಿ ಯಾರು ನಿಲ್ಲಬೇಕು? ನಿಲ್ಲುವುದು ಧರ್ಮವೋ, ಪಾಪದಲ್ಲಿ ಪಾಲು ತೆಗೆದುಕೊಳ್ಳುವುದೋ?

ಕನ್ನಡದ ಪತ್ತೇದಾರಿ ಸಾಹಿತ್ಯದಲ್ಲೂ ಈ ಪ್ರಶ್ನೆಗೆ ಹೆಚ್ಚು ಜಾಗ ಸಿಕ್ಕಿಲ್ಲ. ಎನ್. ನರಸಿಂಹಯ್ಯನವರ ನೂರಾರು ಕಾದಂಬರಿಗಳನ್ನು ಬಸ್‌ ನಿಲ್ದಾಣಗಳಲ್ಲಿ ಕೊಂಡು ಓದಿದ ತಲೆಮಾರಿಗೆ ಪತ್ತೇದಾರ ಪುರುಷೋತ್ತಮ ಮನೆಯವನಷ್ಟೇ ಪರಿಚಿತ. ಅವನ ಕೆಲಸ ಕಳ್ಳನನ್ನು ಹಿಡಿದುಕೊಡುವುದು. ಹಿಡಿದ ಮೇಲೆ ಕಳ್ಳನಿಗೆ ಏನಾಯಿತೆಂದು ಯಾವ ಓದುಗನೂ ಕೇಳಲಿಲ್ಲ. ಕಾದಂಬರಿಯಲ್ಲಿ ಸಿಗದ ಉತ್ತರವನ್ನು ನಮ್ಮ ಹಳೆಯ ಕಥೆಗಳಲ್ಲಿ ಹುಡುಕಬೇಕಾಗುತ್ತದೆ, ಮತ್ತು ಅಲ್ಲಿ ಅದು ಸಿಗುವುದು ನಾಯಿಯ ಸುತ್ತಲೇ. ಇದು ಕಾಕತಾಳೀಯವಲ್ಲ ಎಂಬುದು ನನ್ನ ವಾದ. ತನ್ನ ಪರವಾಗಿ ತಾನು ಮಾತಾಡಲಾರದ, ಯೋಗ್ಯತೆಯ ಲೆಕ್ಕದಲ್ಲಿ ಎಲ್ಲರಿಗಿಂತ ಕೆಳಗೆ ನಿಲ್ಲಿಸಲಾದ, ಆದರೂ ಮನುಷ್ಯನ ಮನೆಬಾಗಿಲಲ್ಲೇ ಬಾಳುವ ಜೀವ ನಾಯಿ. ಧರ್ಮಕ್ಕೆ ಕಠಿಣ ಪರೀಕ್ಷೆ ಒಡ್ಡಬೇಕೆಂದಾಗ ಕಥೆಗಾರರು ಮತ್ತೆಮತ್ತೆ ಅದನ್ನೇ ಎಳೆದು ತಂದರು.

ಜಮಖಂಡಿ, ಮುಧೋಳ ಸೀಮೆಯ ಓದುಗರಿಗೆ ನಾಯಿಯ ಮಹಿಮೆಯನ್ನು ಬೇರೆ ಹೇಳಬೇಕಿಲ್ಲ. ಕೃಷ್ಣೆಯ ದಂಡೆಯ ತುಬಚಿಯಿಂದ ಘಟಪ್ರಭೆಯ ದಂಡೆಯ ಮುಧೋಳದವರೆಗೂ ನಾಯಿ ಎಂದರೆ ಹಗೂರ ಮಾತಲ್ಲ. ಮುಧೋಳದ ಅರಸ ಮಾಲೋಜಿರಾವ ಘೋರ್ಪಡೆ ಮುಧೋಳ ನಾಯಿಯ ತಳಿಯನ್ನು ಕಟ್ಟಿ ಬೆಳೆಸಿದರು, ಐದನೆಯ ಜಾರ್ಜ್ ದೊರೆಗೆ ಮರಿಗಳನ್ನು ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರದ ಅಂಚೆಚೀಟಿ ತಂದಿತು. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ 2016ರಲ್ಲಿ ಮರಿಗಳು ಮೇರಠದ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. ಆದರೆ ಈ ಗೌರವವೆಲ್ಲ ಗುಣಕ್ಕೆ, ಓಟಕ್ಕೆ, ಮೈಕಟ್ಟಿಗೆ ಸಂದದ್ದು. ನಾಯಿ ಎಂಬ ಕಾರಣಕ್ಕೆ ಸಂದದ್ದಲ್ಲ. ಅದೇ ಊರಿನ ಕಟುಕರಂಗಡಿಯ ಮುಂದೆ ಕಲ್ಲೇಟು ತಿನ್ನುವ ನಾಯಿಗೆ ಅಂಚೆಚೀಟಿಯಿಂದ ಆಗಬೇಕಾದ್ದೇನೂ ಇಲ್ಲ. ಯೋಗ್ಯನಿಗೆ ಗೌರವ ಕೊಡುವುದು ಸುಲಭ. ಅದಕ್ಕೆ ಧರ್ಮಶಾಸ್ತ್ರ ಬೇಡ, ಒಳ್ಳೆಯ ಕಣ್ಣಿದ್ದರೆ ಸಾಕು.

ಇದಕ್ಕಿಂತ ಆಳವಾದ ಮಾತೊಂದು ಹತ್ತನೆಯ ಶತಮಾನದ ಕಲ್ಲಿನ ಮೇಲಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿ ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನ ಅದು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣ, ಏನು ಬೇಕೋ ಕೇಳು ಎಂದಾಗ ಅವನು ಊರು ಕೇಳಲಿಲ್ಲ, ಪದವಿ ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ. ಆ ನಾಯಿ ಮುಂದೆ ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೇರ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಎರಡು ಕಂಡುಗ ಮಣ್ಣು ಬಿಟ್ಟ. ಈ ಭಾಗವನ್ನು ಶಾಲೆಯ ಪುಸ್ತಕಗಳೂ ಹೇಳುತ್ತವೆ. ಹೇಳದೆ ಬಿಡುವುದು ಶಾಸನದ ಕೊನೆಯ ಶಾಪವನ್ನು: ಆ ಸ್ಥಾನ ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ. ಸಾಮಾನ್ಯವಾಗಿ ದಾನಶಾಸನಗಳ ಶಾಪದಲ್ಲಿ ಬರುವುದು ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ. ಇಲ್ಲಿ ಬಂದದ್ದು, ಪೂಜೆಗೊಳ್ಳುತ್ತಿರುವ ನಾಯಿಯದೇ ಪಾಪ. ಅಂದರೆ ಕಲ್ಲು ನಿಲ್ಲಿಸಿದವನು ತನ್ನ ನಾಯಿಯನ್ನು ನಿಷ್ಪಾಪಿ ಎಂದು ಸೋಗು ಹಾಕಿಸಲಿಲ್ಲ. ಅದು ಕೊಂದಿದೆ, ಕೊಂದದ್ದಕ್ಕೆ ಪಾಪವಿದೆ, ಆದರೂ ಅದಕ್ಕೆ ಕಲ್ಲಿದೆ, ಪೂಜೆಯಿದೆ, ಪಾಲಿಗೆ ಭೂಮಿಯಿದೆ. ಪಾಪವನ್ನು ಒಪ್ಪಿಕೊಂಡೂ ಕೈಬಿಡದ ಈ ನಿಲುವು ಆ್ಯಂಡಿ ಕಾರ್ಪೆಂಟರನ ಕಾದಂಬರಿಗಳಿಗೆ ಎಟುಕದ್ದು.

ಮಹಾಭಾರತದ ಆದಿಪರ್ವದ ಮೊದಮೊದಲಲ್ಲೇ ಒಂದು ನಾಯಿಮರಿ ಅಳುತ್ತ ಬರುತ್ತದೆ. ಕುರುಕ್ಷೇತ್ರದಲ್ಲಿ ಜನಮೇಜಯ ದೀರ್ಘಸತ್ರ ನಡೆಸುತ್ತಿದ್ದಾಗ ಅತ್ತ ಹೋದ ಮರಿಯನ್ನು ಅವನ ತಮ್ಮಂದಿರಾದ ಶ್ರುತಸೇನ, ಉಗ್ರಸೇನ, ಭೀಮಸೇನರು ಹೊಡೆದಟ್ಟುತ್ತಾರೆ. ಮರಿ ತಾಯಿಯ ಬಳಿ ಹೋಗುತ್ತದೆ. ತಾಯಿ ಸರಮೆ ಮೊದಲು ಮಗನನ್ನೇ ವಿಚಾರಿಸುತ್ತಾಳೆ, ನೀನೇನಾದರೂ ತಪ್ಪು ಮಾಡಿದೆಯಾ ಎಂದು. ಹವಿಸ್ಸನ್ನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ ಎನ್ನುತ್ತದೆ ಮರಿ. ಆಮೇಲೆ ಅವಳು ನೇರ ಯಜ್ಞಶಾಲೆಗೆ ನಡೆದು, ತಪ್ಪಿಲ್ಲದ ಮಗನನ್ನು ಯಾಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅವರ ಬಳಿ ಉತ್ತರವಿಲ್ಲ. ಕಾಣದ ಭಯವೊಂದು ನಿಮ್ಮನ್ನು ಮುತ್ತಲಿ ಎಂದು ಶಪಿಸಿ ಹೋಗುತ್ತಾಳೆ. ಲಕ್ಷ ಶ್ಲೋಕದ ಗ್ರಂಥ ತನ್ನ ಬಾಗಿಲಲ್ಲೇ ಒಂದು ಹೆಣ್ಣುನಾಯಿಯನ್ನು ವಕೀಲೆಯಾಗಿ ನಿಲ್ಲಿಸಿ, ವಿಚಾರಿಸದೆ ಕೊಟ್ಟ ಶಿಕ್ಷೆಯನ್ನು ರಾಜವಂಶಕ್ಕೆ ಅಂಟಿದ ಮೊದಲ ದೋಷವಾಗಿ ಎಣಿಸುತ್ತದೆ. ಇದು ನಿರಪರಾಧಿಯ ಖಟ್ಲೆ. ಇಷ್ಟರಮಟ್ಟಿಗೆ ರೋಸೆನ್‌ಫೆಲ್ಟ್ ಕೂಡ ಜೊತೆಗೆ ಬರುತ್ತಾನೆ.

ಆದರೆ ಮಹಾಭಾರತ ಅಲ್ಲಿಗೆ ನಿಲ್ಲುವುದಿಲ್ಲ. ಅದೇ ಜನಮೇಜಯ ಮುಂದೆ ಸರ್ಪಯಾಗಕ್ಕೆ ಕೂರುತ್ತಾನೆ. ಅವನ ತಂದೆ ಪರೀಕ್ಷಿತನನ್ನು ಕಚ್ಚಿದ್ದು ತಕ್ಷಕ. ಬೆಂಕಿಗೆ ಬೀಳುವುದು ಮಾತ್ರ ಇಡೀ ಹಾವುಕುಲ. ಆಗ ಬರುವವನು ಆಸ್ತೀಕ, ನಾಗಕನ್ಯೆಯ ಮಗ, ಇನ್ನೂ ಎಳೆಯ ಹುಡುಗ. ಮಾತಿನಿಂದ ರಾಜನನ್ನು ಮೆಚ್ಚಿಸಿ ವರ ಪಡೆದು ಯಾಗ ನಿಲ್ಲಿಸುತ್ತಾನೆ. ಅವನು ಉಳಿಸಿದ್ದು ನಿರಪರಾಧಿ ಹಾವುಗಳನ್ನು ಮಾತ್ರವೇ? ಅಲ್ಲ. ಆಕಾಶದಲ್ಲಿ ತೂಗುತ್ತಿದ್ದ ತಕ್ಷಕನೂ, ಅಂದರೆ ಕೊಲೆ ಮಾಡಿದ ನಿಜವಾದ ಆರೋಪಿಯೂ ಉಳಿದ. ಕಥೆಗಾರ ಬೇಕೆಂದಿದ್ದರೆ ಅವನೊಬ್ಬನನ್ನು ಬೆಂಕಿಗೆ ಬೀಳಿಸಿ ಉಳಿದವರನ್ನು ಪಾರು ಮಾಡಬಹುದಿತ್ತು, ಓದುಗನಿಗೂ ಸಮಾಧಾನವಾಗುತ್ತಿತ್ತು. ಹಾಗೆ ಮಾಡಲಿಲ್ಲ. ಹಗೆ ತೀರಿಸಿಕೊಳ್ಳುವ ಬೆಂಕಿಯಲ್ಲಿ ತಪ್ಪಿತಸ್ಥ ಸುಟ್ಟರೂ ಅದು ನ್ಯಾಯವಾಗದು ಎಂಬ ತೀರ್ಪು ಅಲ್ಲಿದೆ ಎಂದೇ ನಾನು ಓದುತ್ತೇನೆ.

ಜೈನ ಪರಂಪರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಜೀವಂಧರನ ಕಥೆಯನ್ನು ವಾದೀಭಸಿಂಹ ಸಂಸ್ಕೃತದಲ್ಲಿ ಬರೆದ. ಕನ್ನಡಕ್ಕೆ ಹದಿನೈದನೆಯ ಶತಮಾನದಲ್ಲಿ ಭಾಸ್ಕರ ಕವಿ ಭಾಮಿನಿ ಷಟ್ಪದಿಯಲ್ಲಿ ತಂದ. ಅದರಲ್ಲೊಂದು ನಾಯಿ ಬರುತ್ತದೆ. ಅದೂ ಯಜ್ಞದ ಆವರಣಕ್ಕೆ ನುಗ್ಗಿದ ನಾಯಿಯೇ. ಸರಮೆಯ ಮರಿ ಹವಿಸ್ಸನ್ನು ಮುಟ್ಟಿರಲಿಲ್ಲ. ಇದು ಮುಟ್ಟಿದೆ, ಕೆಡಿಸಿದೆ. ಯಜ್ಞ ಮಾಡುತ್ತಿದ್ದವರ ದೃಷ್ಟಿಯಲ್ಲಿ ಅಪರಾಧ ಸಾಬೀತಾಗಿದೆ, ಮರುಮಾತಿಲ್ಲ. ಸಾಯುವಂತೆ ಹೊಡೆದಿದ್ದಾರೆ. ಅಲ್ಲಿಗೆ ಬಂದ ಜೀವಂಧರ, ಇದು ತಪ್ಪು ಮಾಡಿದೆಯೋ ಇಲ್ಲವೋ ಎಂಬ ವಿಚಾರಣೆಯನ್ನೇ ಎತ್ತುವುದಿಲ್ಲ. ಪ್ರಾಣ ಉಳಿಸಲು ಆಗದಾಗ ಪಕ್ಕದಲ್ಲಿ ಕೂತು ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರ ಹೇಳುತ್ತಾನೆ. ನಾಯಿ ಸತ್ತು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಕಥೆಯುದ್ದಕ್ಕೂ ಅವನ ನೆರವಿಗೆ ನಿಲ್ಲುತ್ತದೆ. ಯಕ್ಷನಾದದ್ದನ್ನು ಪವಾಡವೆಂದು ಬದಿಗಿಟ್ಟರೂ ಒಂದು ಮಾತು ಉಳಿಯುತ್ತದೆ. ಮಾಡಿದ ಕರ್ಮವನ್ನು ಉಂಡೇ ತೀರಬೇಕೆಂದು ಜೈನರಷ್ಟು ಕಟ್ಟುನಿಟ್ಟಾಗಿ ಹೇಳಿದವರು ಕಡಿಮೆ. ಆ ಮತದ ಕಾವ್ಯದ ನಾಯಕನೇ, ಇದರ ಕರ್ಮ ಇದು ಅನುಭವಿಸುತ್ತಿದೆ ಎಂದು ದಾಟಿ ಹೋಗಲಿಲ್ಲ. ಕರ್ಮದ ಲೆಕ್ಕ ಬರೆಯುವುದು ಕಂಡವರ ಕೆಲಸವಲ್ಲ. ಅವರ ಕೆಲಸ ಪಕ್ಕದಲ್ಲಿ ಕೂರುವುದು. ಪಾಪಿ ತನ್ನ ಪಾಪದ ಫಲ ಉಣ್ಣಲಿ, ವಕೀಲ ಯಾಕೆ ಅಡ್ಡ ಬರಬೇಕು ಎಂದು ಕೇಳುವ ಆಸ್ತಿಕರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಯುಧಿಷ್ಠಿರನ ಹಿಂದೆ ಹಿಮಾಲಯಕ್ಕೆ ನಡೆದ ನಾಯಿ ಎಲ್ಲರಿಗೂ ಗೊತ್ತು. ಪಂಪನಾಗಲಿ ಕುಮಾರವ್ಯಾಸನಾಗಲಿ ಆ ಪ್ರಸಂಗದವರೆಗೆ ಕಥೆಯನ್ನು ಒಯ್ಯಲಿಲ್ಲ. ಕುಮಾರವ್ಯಾಸ ಬಿಟ್ಟ ಪರ್ವಗಳನ್ನು ಹೇಳಿದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ. ಹರಿಕಥೆ, ಬಯಲಾಟಗಳ ಬಾಯಲ್ಲಿ ಅದು ಹಳ್ಳಿಹಳ್ಳಿಗೂ ಮುಟ್ಟಿತು. ಕಾಸರಗೋಡಿನ ಕಿರಣ್‌ರಾಜ್ 2022ರಲ್ಲಿ ತೆಗೆದ ‘777 ಚಾರ್ಲಿ’ ಎಂಬ ನಾಯಿಯ ಸಿನಿಮಾದ ನಾಯಕನಿಗೆ ಧರ್ಮ ಎಂದೇ ಹೆಸರಿಟ್ಟದ್ದನ್ನು ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಲ್ಲಿ ಗಮನಿಸಬೇಕಾದ್ದು ಇಂದ್ರ ಮತ್ತು ಯುಧಿಷ್ಠಿರರ ನಡುವಿನ ವಾದದ ಸ್ವರೂಪ. ನಾಯಿ ಅಶುಚಿ, ನಾಯಿ ಸಾಕಿದವರಿಗೆ ಸ್ವರ್ಗದಲ್ಲಿ ಎಡೆಯಿಲ್ಲ ಎಂದು ಇಂದ್ರ ಹೇಳಿದಾಗ ಯುಧಿಷ್ಠಿರ, ಈ ನಾಯಿ ಶುಚಿಯಾಗಿದೆ, ಒಳ್ಳೆಯದು, ಇದಕ್ಕೆ ಸ್ವರ್ಗದ ಯೋಗ್ಯತೆಯಿದೆ ಎಂದು ವಾದಿಸಲಿಲ್ಲ. ನಂಬಿ ಬಂದಿದೆ, ಬಿಡಲಾರೆ. ಬಿಡುವುದು ಶರಣಾಗತನನ್ನು ಒಪ್ಪಿಸಿದಷ್ಟು, ಮಿತ್ರದ್ರೋಹ ಮಾಡಿದಷ್ಟು ಪಾಪ ಎಂದ. ಅವನ ಇಡೀ ವಾದದಲ್ಲಿ ಕಕ್ಷಿದಾರನ ಗುಣದ ಪ್ರಸ್ತಾಪವೇ ಇಲ್ಲ. ಕೊನೆಗೆ ಆ ನಾಯಿ ಯಮಧರ್ಮನೇ ಆಗಿತ್ತಲ್ಲ ಎನ್ನಬಹುದು. ಆಗಿತ್ತು, ಆದರೆ ವಾದಿಸುವ ಹೊತ್ತಿನಲ್ಲಿ ಯುಧಿಷ್ಠಿರನಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದು ನಿಂತಿದ್ದರೆ ಅವನೂ ಆ್ಯಂಡಿಯ ಹಾಗೆ ಗೆಲ್ಲುವ ಕೇಸು ಆರಿಸಿಕೊಂಡ ವಕೀಲನಾಗುತ್ತಿದ್ದ.

ಈ ವಾದಕ್ಕೆ ಬಲವಾದ ಆಕ್ಷೇಪ ಮಹಾಭಾರತದಿಂದಲೇ ಬರುತ್ತದೆ. ನಂಬಿದವನನ್ನು ಬಿಡಬಾರದು ಎಂಬುದೇ ಧರ್ಮವಾದರೆ ಕರ್ಣ ಮಾಡಿದ್ದೇನು, ಭೀಷ್ಮ ಮಾಡಿದ್ದೇನು? ಉಪ್ಪಿನ ಋಣಕ್ಕೆ ಕಟ್ಟುಬಿದ್ದು ಅನ್ಯಾಯದ ಪಕ್ಕದಲ್ಲಿ ನಿಂತರು, ಹದಿನೆಂಟು ಅಕ್ಷೋಹಿಣಿ ಮಣ್ಣಾಯಿತು. ಪಂಪನ ಕಾಲದಿಂದಲೂ ಕನ್ನಡಿಗರಿಗೆ ಕರ್ಣನೆಂದರೆ ಕರುಳು ಕಿವುಚುತ್ತದೆ, ಹಾಗಾಗಿ ಈ ಆಕ್ಷೇಪಕ್ಕೆ ನಮ್ಮಲ್ಲಿ ಕಾವು ಹೆಚ್ಚು. ನಿಷ್ಠೆ ಮಾತ್ರವೇ ಧರ್ಮವಲ್ಲ ಎಂದು ನಾನೂ ಒಪ್ಪುತ್ತೇನೆ. ಕಳ್ಳನ ಮನೆಯ ನಾಯಿಯೂ ಕಳ್ಳನಿಗೆ ನಿಷ್ಠವೇ. ಆದರೆ ಕರ್ಣ ದುರ್ಯೋಧನನ ವಕೀಲನಾಗಿರಲಿಲ್ಲ, ಪಾಲುದಾರನಾಗಿದ್ದ. ದ್ಯೂತಸಭೆಯಲ್ಲಿ ದ್ರೌಪದಿಯನ್ನು ಹೀಯಾಳಿಸಿದವರಲ್ಲಿ ಅವನೂ ಒಬ್ಬ. ವಕೀಲ ಆರೋಪಿಯ ಕೃತ್ಯಕ್ಕೆ ಕೈ ಜೋಡಿಸುವುದಿಲ್ಲ. ಕೃತ್ಯ ಮುಗಿದ ಮೇಲೆ, ಎಲ್ಲರೂ ಒಂದು ಕಡೆ ಸೇರಿದಾಗ, ಒಂಟಿಯಾದವನ ಪಕ್ಕದಲ್ಲಿ ನಿಂತು ಸಾಕ್ಷ್ಯವನ್ನು ತೂಗಿ ನೋಡಿ ಎನ್ನುತ್ತಾನೆ. ಸುಳ್ಳು ಸಾಕ್ಷಿ ಹುಟ್ಟಿಸಿದರೆ, ಕಾಗದ ತಿದ್ದಿದರೆ, ಆ ಕ್ಷಣಕ್ಕೆ ಅವನು ಕರ್ಣನ ಸಾಲಿಗೆ ಸೇರುತ್ತಾನೆ. ಈ ಗೆರೆ ತೆಳುವಾದದ್ದು, ದಿನಾ ದಾಟುವವರು ಇದ್ದಾರೆ, ಅದೂ ನಿಜ. ದಾಟುವವರಿದ್ದಾರೆಂದು ಗೆರೆಯೇ ಇಲ್ಲವೆನ್ನಲಾಗದು. ಅದೇ ಸಭೆಯಲ್ಲಿ ವಕೀಲನ ಕೆಲಸ ಮಾಡಿದವನು ಬೇರೊಬ್ಬನಿದ್ದ. ಪಣವಾಗಿ ಸೋತ ಹೆಣ್ಣು ಎತ್ತಿದ ಪ್ರಶ್ನೆಗೆ ಹಿರಿಯರೆಲ್ಲ ಧರ್ಮ ಸೂಕ್ಷ್ಮ ಎಂದು ತಲೆ ತಗ್ಗಿಸಿದಾಗ ಎದ್ದು, ಅವಳನ್ನು ಪಣವೊಡ್ಡಿದ್ದೇ ಸಲ್ಲದು ಎಂದು ಒಂದೊಂದಾಗಿ ಕಾರಣ ಕೊಟ್ಟವನು ಕೌರವರಲ್ಲೇ ಒಬ್ಬನಾದ ವಿಕರ್ಣ. ಅವನ ಬಾಯಿ ಮುಚ್ಚಿಸಿದವನು ಕರ್ಣ. ವಾದ ಕೇಳದ ಸಭೆಯಿಂದ ಕುರುಕ್ಷೇತ್ರ ಹುಟ್ಟಿತೇ ಹೊರತು ವಾದ ಮಾಡಿದವನಿಂದಲ್ಲ.

ಹಾಗಾದರೆ ನೊಂದವರ ಗತಿಯೇನು ಎಂಬುದು ಇನ್ನೊಂದು ಆಕ್ಷೇಪ, ಮತ್ತು ಮನಸ್ಸಿಗೆ ಹೆಚ್ಚು ಚುಚ್ಚುವಂಥದ್ದು. ರಾಮಾಯಣದ ಉತ್ತರಕಾಂಡಕ್ಕೆ ಸೇರಿಕೊಂಡ ಸರ್ಗಗಳಲ್ಲಿ ನೊಂದದ್ದು ನಾಯಿಯೇ. ತಲೆಗೆ ಪೆಟ್ಟು ತಿಂದು ರಾಮನ ಬಾಗಿಲಿಗೆ ಬಂದು ದೂರು ಕೊಡುತ್ತದೆ. ರಾಮ ಹೊಡೆದ ಬ್ರಾಹ್ಮಣನನ್ನು ಕರೆಸುತ್ತಾನೆ. ಭಿಕ್ಷೆಗೆ ಅಲೆದು ಹಸಿದಿದ್ದೆ, ದಾರಿಗೆ ಅಡ್ಡವಿತ್ತು, ಸಿಟ್ಟು ಬಂತು ಎಂದು ಅವನು ತಪ್ಪೊಪ್ಪಿ ಕಾರಣ ಹೇಳುತ್ತಾನೆ. ಅದನ್ನು ಕೇಳಿದ ಮೇಲೆಯೇ ಶಿಕ್ಷೆಯ ಮಾತು. ದೂರುದಾರನ ಕಣ್ಣೀರು ಮತ್ತು ಆರೋಪಿಯ ಮಾತು ಒಂದನ್ನೊಂದು ತಿನ್ನುವುದಿಲ್ಲ ಎಂದು ಆ ಕಥೆ ಕಟ್ಟಿದವನಿಗೆ ತಿಳಿದಿತ್ತು. ಇವತ್ತಿನ ಬೀದಿನಾಯಿ ವಿವಾದವನ್ನೂ ಹೀಗೆಯೇ ನೋಡಬೇಕು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಪೀಠವೊಂದು ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲಿಡಲು ಆದೇಶಿಸಿತು. ವಾದಗಳು ಮತ್ತೆ ಕೇಳಿಬಂದ ಮೇಲೆ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿ, ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆಯ ನಂತರ ಹಿಂದಿನ ಜಾಗಕ್ಕೇ ಬಿಡಬೇಕೆಂದೂ, ರೇಬೀಸ್ ತಗುಲಿದ ಹಾಗೂ ಆಕ್ರಮಣಕಾರಿ ನಾಯಿಗಳನ್ನು ಬಿಡಬಾರದೆಂದೂ ಹೇಳಿತು. ಮಗುವನ್ನು ಕಚ್ಚಿದ ನಾಯಿಯ ಪರ ಮಾತಾಡುವುದು ಮಗುವಿಗೆ ಮಾಡಿದ ದ್ರೋಹ ಎಂದು ಸಿಟ್ಟಾದವರ ನೋವು ಸುಳ್ಳಲ್ಲ. ಆದರೆ ಎರಡನೆಯ ಆದೇಶದಲ್ಲಿ ಕಚ್ಚುವ ನಾಯಿ, ಕಚ್ಚದ ನಾಯಿ ಎಂಬ ವಿಂಗಡಣೆ ಬಂದದ್ದು ಯಾರೋ ನಾಯಿಯ ಪರ ನಿಂತು ವಾದಿಸಿದ್ದರಿಂದ.

ನಾಯಿಯನ್ನು ಪ್ರೀತಿಸುವವನು ಅದರ ಸಾಕ್ಷ್ಯವನ್ನು ಕುರುಡಾಗಿ ನಂಬಬೇಕಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಮುಧೋಳ ನಾಯಿ ಬೇಟೆಯಾಡುವುದು ಕಣ್ಣಿನಿಂದ. ಪೊಲೀಸರ ಜಾಡು ಹಿಡಿಯುವ ನಾಯಿ ಹೋಗುವುದು ಮೂಗಿನಿಂದ. ಆ ಮೂಗು ಯಾರ ಮನೆ ಮುಂದೆ ನಿಂತಿತೋ ಅವನೇ ಕಳ್ಳ ಎಂದು ಊರು ಆಗಲೇ ತೀರ್ಪು ಕೊಟ್ಟಿರುತ್ತದೆ. 1969ರಲ್ಲಿ ಮಹಾರಾಷ್ಟ್ರದಿಂದ ಬಂದ ದಫೇದಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಬಗೆಯ ಸಾಕ್ಷ್ಯಕ್ಕಿರುವ ಅಡ್ಡಿಗಳನ್ನು ಪರಿಶೀಲಿಸಿತು: ನಾಯಿ ಕಟಕಟೆ ಹತ್ತಿ ಪ್ರಮಾಣ ಮಾಡಲಾರದು, ಅದರ ಪರವಾಗಿ ಹೇಳುವವನು ಅದರ ಪಾಲಕ, ಮನುಷ್ಯನ ಪ್ರಾಣ ಮತ್ತು ಸ್ವಾತಂತ್ರ್ಯ ನಾಯಿಯ ಊಹೆಯ ಮೇಲೆ ನಿಲ್ಲಬಾರದು. ಪಾಟೀಸವಾಲಿಗೆ ಸಿಗದ ಸಾಕ್ಷಿ ಎಷ್ಟೇ ಪ್ರಾಮಾಣಿಕವಾಗಿರಲಿ ಅಪಾಯಕಾರಿ. ನಾಯಿಯ ಪರ ನಿಲ್ಲುವ ನ್ಯಾಯವೂ ನಾಯಿಯನ್ನು ಪ್ರಶ್ನಿಸುವ ನ್ಯಾಯವೂ ಒಂದೇ.

ಇದೆಲ್ಲ ಪುರಾಣದ ಮಾತಾಗಿ ಉಳಿದಿಲ್ಲ. 2020ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯ ವಕೀಲರ ಸಂಘ, ದೇಶದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ಹಾಕಬಾರದು ಎಂದು ಠರಾವು ಮಾಡಿತು. ಹೊರಗಿನಿಂದ ಬಂದ ವಕೀಲರು ಪ್ರತಿಭಟನೆ ಎದುರಿಸಬೇಕಾಯಿತು. ಹೈಕೋರ್ಟು ಆ ಠರಾವನ್ನು ಕಟುವಾಗಿ ಆಕ್ಷೇಪಿಸಿ, ಅವರ ಪರ ಹೋಗುವ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಿಸಿತು. ಅದಕ್ಕೆ ಒಂಬತ್ತು ವರ್ಷ ಮೊದಲೇ, ತಮಿಳುನಾಡಿನ ಮೊಹಮ್ಮದ್ ರಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಥ ಠರಾವುಗಳೆಲ್ಲ ಅಸಿಂಧು ಎಂದಿತ್ತು. ಸಂವಿಧಾನದ 22ನೆಯ ವಿಧಿ ಬಂಧಿತನಿಗೆ ತನ್ನಿಷ್ಟದ ವಕೀಲನ ಹಕ್ಕು ಕೊಡುತ್ತದೆ. ಆರೋಪಿ ತಪ್ಪಿತಸ್ಥನೆಂದು ತನಗೆ ಅನ್ನಿಸಿದರೂ ಅವನ ಪರ ವಾದಿಸುವುದು ವಕೀಲನ ಕರ್ತವ್ಯವೆಂದು ವಕೀಲರ ಪರಿಷತ್ತಿನ ನಿಯಮವೇ ಇದೆ. ಠರಾವು ಮಾಡಿದವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರ ಸಿಟ್ಟಿಗೆ ದೇಶಪ್ರೇಮದ ಹೆಸರಿತ್ತು, ಯಜ್ಞಶಾಲೆಯಲ್ಲಿ ಕೋಲು ಎತ್ತಿದವರ ಸಿಟ್ಟಿಗೆ ಶುಚಿತ್ವದ ಹೆಸರಿದ್ದ ಹಾಗೆ. ಆದರೆ ಅವರು ಆರೋಪಿಯ ಯೋಗ್ಯತೆಯನ್ನು ಮೊದಲು ಅಳೆದು, ಹಕ್ಕನ್ನು ಆಮೇಲೆ ಕೊಡಲು ಹೊರಟಿದ್ದರು. ಅಳೆಯುವ ಕೆಲಸ ಅವರದಾಗಿರಲಿಲ್ಲ, ನ್ಯಾಯಾಧೀಶರದು.

ಆ್ಯಂಡಿಯ ಹಾಗೆ ಕೇಸು ಆರಿಸಿಕೊಳ್ಳುವ ಭಾಗ್ಯ ತಾಲ್ಲೂಕು ಕೋರ್ಟಿನಲ್ಲಿ ಕಾನೂನು ನೆರವಿನ ಪಟ್ಟಿಯಲ್ಲಿರುವ ವಕೀಲನಿಗಿಲ್ಲ. ಅವನಿಗೆ ಬರುವವನು ಯಾರೂ ಬೇಡವೆಂದವನು, ಕೆಲವೊಮ್ಮೆ ನಿಜಕ್ಕೂ ತಪ್ಪು ಮಾಡಿದವನು. ಅವನ ಮೇಲೆ ಪತ್ತೇದಾರಿ ಕಾದಂಬರಿ ಯಾರೂ ಬರೆದಿಲ್ಲ, ಬರೆದರೆ ಮಾರಾಟವಾಗುವುದೂ ಕಷ್ಟ. ಜೀವಂಧರನ ಕೆಲಸ ಮಾಡುತ್ತಿರುವವನು ಮಾತ್ರ ಅವನೇ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಬಂಧನದಲ್ಲಿರುವ ಯಾರೇ ಆಗಲಿ, ಆದಾಯದ ಲೆಕ್ಕವಿಲ್ಲದೆ, ಉಚಿತ ವಕೀಲನಿಗೆ ಅರ್ಹರು. ತುಬಚಿಯವರಾದರೆ ಅದಕ್ಕೆ ಅರ್ಜಿ ಕೊಡಬೇಕಾದ್ದು ಜಮಖಂಡಿಯ ತಾಲ್ಲೂಕು ಕಾನೂನು ಸೇವಾ ಸಮಿತಿಗೆ. ಅರ್ಜಿದಾರ ನಿರಪರಾಧಿಯೇ ಎಂದು ಅಲ್ಲಿ ಕೇಳುವುದಿಲ್ಲ.